ಕ್ಯಾಮೆರಾ ಮತ್ತು ಕಾಲುಹಾದಿ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ರಜೆ ಬಂತೆಂದರೆ ಕಾರಿನಲ್ಲಿ ಯೂಟಾ ರಾಜ್ಯದ ಮರುಭೂಮಿ ಉದ್ಯಾನಗಳನ್ನು ಸುತ್ತಿ ಚಿತ್ರಗಳನ್ನು ಕಳುಹಿಸುತ್ತಾರೆ. ನೋಡಿ ಹಿಗ್ಗುತ್ತೇನೆ. ಆದರೂ ಒಂದು ಮಾತು ಹೇಳಲೇಬೇಕು.

ಆರ್ಚಸ್ ರಾಷ್ಟ್ರೀಯ ಉದ್ಯಾನದ ಮಣ್ಣಿನ ಮೇಲೆ ಕಪ್ಪಾದ, ಉಬ್ಬುತಗ್ಗಿನ ಪದರವೊಂದಿದೆ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆಗಳು ಸೇರಿ ಹೆಣೆದ ಜೀವಂತ ಚರ್ಮವದು. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು ಅದೇ. ಒಳ್ಳೆಯ ಕೋನವನ್ನರಸಿ ಹಾದಿ ಬಿಟ್ಟು ಇಟ್ಟ ಹೆಜ್ಜೆಯ ಗಾಯ ಮಾಯಲು ದಶಕಗಳೇ ಬೇಕಾಗಬಹುದು. ‘ನನ್ನೊಬ್ಬನ ಹೆಜ್ಜೆಯಿಂದೇನು?’ ಎನ್ನುವಿರೋ? ಅಲ್ಲಿಗೆ ಬರುವವರು ವರ್ಷಕ್ಕೆ 10 ಲಕ್ಷಕ್ಕೂ ಮಿಗಿಲು.

2000ದಲ್ಲಿ ಛಾಯಾಗ್ರಾಹಕನೊಬ್ಬ ರಾತ್ರಿಯ ಚಿತ್ರಕ್ಕೆ ಬೆಳಕಾಗಲೆಂದು ಅಲ್ಲಿಯ ಡೆಲಿಕೇಟ್ ಆರ್ಚ್ ಎಂಬ ಕಲ್ಲುಕಮಾನಿನ ಬಳಿ ಬೆಂಕಿ ಹಚ್ಚಿದ. ಬಂಡೆಗೆ ಕಲೆ ತಗುಲಿತು. ಆತ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. ಸೌಂದರ್ಯವನ್ನು ಮೆಚ್ಚಿ ಬಂದವನಿಂದಲೇ ಅದಕ್ಕೆ ಕೇಡಾಯಿತೆಂಬುದು ಯೋಚಿಸಬೇಕಾದ ಸಂಗತಿ.

ಚಿತ್ರ ತೆಗೆಯಬೇಡಿ ಎನ್ನುತ್ತಿಲ್ಲ. ಹಾದಿ, ಬರಿಯ ಬಂಡೆ, ಒಣಹಳ್ಳದ ಮರಳು, ಇವುಗಳ ಮೇಲಷ್ಟೇ ನಡೆಯಿರಿ. ಸಂಜೆಯ ಓರೆಬಿಸಿಲಿಗೆ ಕಾಯಿರಿ. ಕೆಂಬಂಡೆಗೆ ಬೇಕಾದ ಬೆಳಕನ್ನು ಸೂರ್ಯನೇ ಕೊಡುತ್ತಾನೆ. ಅಲ್ಲಿಂದ ಸಿಗದ ಚಿತ್ರವನ್ನು ಬಿಟ್ಟುಬನ್ನಿ. ನಿಮ್ಮ ಮಕ್ಕಳು ಜೊತೆಯಲ್ಲಿರುತ್ತಾರೆ. ಅವರು ಕಲಿಯುವುದು ನಿಮ್ಮ ಕಾಲುಗಳನ್ನು ನೋಡಿ.