ಸೊನ್ನೆಯನ್ನು ನಂಬುವ ಮುನ್ನ

ವಿದ್ಯುತ್ತಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಂತಿಯಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳಲಾರದು. ಆದುದರಿಂದ ದುರಸ್ತಿ ಮಾಡುವವನು ಮಲ್ಟಿಮೀಟರನ್ನು ಆಶ್ರಯಿಸುತ್ತಾನೆ. ಅದು ಸೊನ್ನೆ ತೋರಿದೊಡನೆ ನಿಶ್ಚಿಂತನಾಗಿ ತಂತಿಯನ್ನು ಮುಟ್ಟುತ್ತಾನೆ. ಈ ಆತುರವೇ ಅನೇಕ ಅಪಾಯಗಳಿಗೆ ಮೂಲವೆಂಬುದು ನನ್ನ ಅಭಿಪ್ರಾಯ.

ಬೆಳ್ಳಗಿರುವುದೆಲ್ಲ ಹಾಲಲ್ಲ, ಹಾಗೆಯೇ ಸೊನ್ನೆಯೆಲ್ಲ ಸುರಕ್ಷತೆಯಲ್ಲ. ಮೀಟರಿನ ತಂತಿ ಒಳಗೊಳಗೇ ತುಂಡಾಗಿದ್ದರೆ, ಅಥವಾ ಅದನ್ನು ನೇರ ವಿದ್ಯುತ್ತಿನ ಸ್ಥಾನದಲ್ಲಿಟ್ಟು ಮನೆಯ ಪರ್ಯಾಯ ವಿದ್ಯುತ್ತನ್ನು ಅಳೆದರೆ, 230 ವೋಲ್ಟುಗಳ ಎದುರಿಗೂ ಅದು ಸೊನ್ನೆಯನ್ನೇ ತೋರಬಹುದು.

ಬಲ್ಲವರು ಮೂರು ಬಾರಿ ಅಳೆಯುತ್ತಾರೆ: ಮೊದಲು, ವಿದ್ಯುತ್ತು ಇದೆಯೆಂದು ಖಚಿತವಾಗಿ ತಿಳಿದಿರುವೆಡೆ; ಬಳಿಕ, ದುರಸ್ತಿಯಾಗಬೇಕಾದೆಡೆ; ಕೊನೆಗೆ, ಮತ್ತೆ ಮೊದಲಿನೆಡೆ. ಮೊದಲೂ ಕೊನೆಗೂ ಮೀಟರು ನಿಜವನ್ನು ನುಡಿದರೆ ಮಾತ್ರ ನಡುವಣ ಸೊನ್ನೆಗೆ ಬೆಲೆಯುಂಟು.

ಇದನ್ನು ಕಾಲಹರಣವೆನ್ನುವವರಿದ್ದಾರೆ. ಆದರೆ ಒಂದು ನಿಮಿಷವನ್ನು ಉಳಿಸಲು ಪ್ರಾಣವನ್ನೇ ಪಣವಾಗಿಡುವುದು ಯಾವ ಜಾಣತನ? ಸುಳ್ಳು ಸೊನ್ನೆಯನ್ನು ನಂಬಿದವನಿಗೆ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ದೊರೆಯದೆ ಹೋಗಬಹುದು.

ವಿದ್ಯಾರ್ಥಿಗಳೇ, ಮುಂದೆ ನೀವು ಈ ಕಸುಬನ್ನು ಕಲಿತಾಗ ಉಪಕರಣವನ್ನು ನಂಬಬೇಡಿರೆಂದು ನಾನು ಹೇಳುವುದಿಲ್ಲ. ಪರೀಕ್ಷಿಸಿದ ಮೇಲೆ ನಂಬಿರೆಂದು ಹೇಳುತ್ತೇನೆ. ಅನ್ಯವನ್ನು ಅಳೆಯುವ ಸಾಧನವನ್ನು ಮೊದಲು ನಾವು ಅಳೆಯಬೇಕು.