ಶ್ರುತಿಗೂ ಒಂದು ಲೆಕ್ಕಶೀರ್ಷಿಕೆ ಬೇಕು

ಸಂತೂರ್ ಕಛೇರಿಗಳಲ್ಲಿ ವಾದಕರು ಶ್ರುತಿ ಮಾಡಿಕೊಳ್ಳಲು ತೊಡಗಿದೊಡನೆ ಸಭಿಕರು ಗಡಿಯಾರ ನೋಡಿಕೊಳ್ಳುವುದುಂಟು. ಒಂದು ಕಾಲದಲ್ಲಿ ನಾನೂ ಅವರಲ್ಲೊಬ್ಬನಾಗಿದ್ದೆ. ಸೇವೆಯಲ್ಲಿದ್ದಾಗ ನನ್ನಿಂದಲೇ ಆದ ಒಂದು ತಪ್ಪು ಆ ಅಸಹನೆಯನ್ನು ಕಳೆಯಿತು.

ಸರ್ಕಾರದ ಅನುದಾನ ಪಡೆಯುತ್ತಿದ್ದ ಸಂಗೀತ ಶಾಲೆಯೊಂದು ವಾದ್ಯಗಳ ಖರೀದಿಗೆ ಪ್ರಸ್ತಾವ ಸಲ್ಲಿಸಿತ್ತು. ಪಟ್ಟಿಯಲ್ಲಿ ಒಂದು ಸಂತೂರ್ ಇತ್ತು. ಅದರ ಕೆಳಗೆ ಬಿಡಿ ತಂತಿಗಳು ಹಾಗೂ ವರ್ಷಕ್ಕೆರಡು ಬಾರಿ ಬಲ್ಲವರಿಂದ ದುರಸ್ತಿ ಎಂಬ ಸಣ್ಣ ಬಾಬತ್ತೂ ಇತ್ತು. ವಾದ್ಯವೆಂದರೆ ಆಸ್ತಿ, ಅದಕ್ಕೆ ಮಂಜೂರಾತಿ ನೀಡಿದೆ. ದುರಸ್ತಿ ಆವರ್ತಕ ವೆಚ್ಚ. ಅದನ್ನು ಸಂಸ್ಥೆಯೇ ಭರಿಸತಕ್ಕದ್ದೆಂದು ಕಡತದಲ್ಲಿ ಬರೆದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಸವಕಳಿ ಎಂಬ ಪದವೇ ಅಂದು ನೆನಪಾಗಲಿಲ್ಲ.

ಕೆಲವು ವರ್ಷಗಳ ಬಳಿಕ ಅದೇ ಶಾಲೆಗೆ ಹೋದಾಗ ವಾದ್ಯ ಬೀರುವಿನ ಮೇಲಿತ್ತು. ತಂತಿಗಳಿಗೆ ತುಕ್ಕು ಹಿಡಿದಿತ್ತು. ಹಲವು ಕುದುರೆಗಳು ಉರುಳಿ ಬಿದ್ದಿದ್ದವು. ದಾಸ್ತಾನು ಪುಸ್ತಕದಲ್ಲಿ ಮಾತ್ರ ಅದು ಸುಸ್ಥಿತಿಯಲ್ಲಿತ್ತು. ಅದನ್ನು ಕಲಿಯಲು ಬಂದಿದ್ದ ಮಕ್ಕಳು ಹಾರ್ಮೋನಿಯಂ ತರಗತಿಗೆ ಸೇರಿಕೊಂಡಿದ್ದರೆಂದು ಶಿಕ್ಷಕರು ಹೇಳಿದರು. ಅವರು ನನ್ನನ್ನು ದೂರಲಿಲ್ಲ. ಆ ಟಿಪ್ಪಣಿ ಬರೆದವನು ನಾನೆಂದು ಅವರಿಗೆ ತಿಳಿದಿರಲೂ ಇಲ್ಲ.

ಆಮೇಲೆ ಈ ವಾದ್ಯದ ಬಗ್ಗೆ ವಾದಕರನ್ನು ಕೇಳಿ ತಿಳಿದುಕೊಂಡೆ. ಕಾಶ್ಮೀರದ ಸಾಂಪ್ರದಾಯಿಕ ಸಂತೂರಿಗೆ 25 ಕುದುರೆ, ಕುದುರೆಗೆ 4ರಂತೆ 100 ತಂತಿ. ಸೂಫಿಯಾನಾ ಸಂಗೀತದ ಬೈಠಕ್‌ಗಳಲ್ಲಷ್ಟೇ ಕೇಳಿಬರುತ್ತಿದ್ದ ಅದನ್ನು ಶಿವಕುಮಾರ ಶರ್ಮಾ (1938-2022) 1955ರಲ್ಲಿ ಮುಂಬಯಿಯ ವೇದಿಕೆಗೆ ತಂದರು. ಕುದುರೆಗಳನ್ನು 31ಕ್ಕೆ ಏರಿಸಿ, ತಂತಿಗಳನ್ನು ಸುಮಾರು 90ಕ್ಕೆ ಇಳಿಸಿ, ಸ್ವರಗಳ ಜೋಡಣೆಯನ್ನು ರಾಗಸಂಗೀತಕ್ಕೆ ಒಗ್ಗಿಸಿದರು. ಒಂದು ತಂತಿಗೆ ಅರ್ಧ ನಿಮಿಷವೆಂದು ಹಿಡಿದರೂ ಒಂದು ಸುತ್ತು ಶ್ರುತಿಗೆ ಮುಕ್ಕಾಲು ಗಂಟೆ ಬೇಕು.

ಅದೂ ಒಂದೇ ಸುತ್ತಿಗೆ ಮುಗಿಯುವುದಿಲ್ಲ. ಕೆಲವು ತಂತಿಗಳನ್ನು ಬಿಗಿದರೆ ಮರದ ಪೆಟ್ಟಿಗೆ ಆ ಸೆಳೆತಕ್ಕೆ ತುಸು ಮಣಿಯುತ್ತದೆ. ಮೊದಲೇ ಕೂಡಿಸಿದ ತಂತಿಗಳು ಇಳಿಯುತ್ತವೆ. ಒಂದೇ ಸ್ವರಕ್ಕೆ ಮೀಸಲಾದ ತಂತಿಗಳಲ್ಲಿ ಒಂದು ಎಳೆಯಷ್ಟು ಬೇರೆಯಾದರೂ ನಾದ ಅಲುಗಾಡುತ್ತದೆ. ವೇದಿಕೆಯ ದೀಪದ ಕಾವಿಗೆ ಉಕ್ಕು ಹಿಗ್ಗಿ ಸ್ವರ ಇಳಿಯುತ್ತದೆ. ಮಳೆಗಾಲದ ತೇವಕ್ಕೆ ಮರ ಉಬ್ಬಿ ಸ್ವರ ಏರುತ್ತದೆ. ಕುದುರೆಗಳನ್ನು ಅಂಟಿಸಿರುವುದಿಲ್ಲ; ತಂತಿಗಳ ಒತ್ತಡವೇ ಅವುಗಳನ್ನು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಹಳೆಯ ತಂತಿಗಳನ್ನೆಲ್ಲ ಒಮ್ಮೆಗೇ ಬಿಚ್ಚದೆ ಒಂದೊಂದಾಗಿ ಬದಲಿಸಬೇಕು. ವಾಲಿದ ಕುದುರೆಯನ್ನು ಆಗಾಗ ನೆಟ್ಟಗೆ ಮಾಡಬೇಕು. ಹೊಸ ತಂತಿ ಹದಕ್ಕೆ ಬರಲು ದಿನಗಟ್ಟಲೆ ಮತ್ತೆ ಮತ್ತೆ ಬಿಗಿಯಬೇಕು.

ಮೊಬೈಲ್ ಫೋನ್ ಈಗ ಸ್ವರ ಏರಿದೆಯೋ ಇಳಿದಿದೆಯೋ ತೋರಿಸುತ್ತದೆ, ಇನ್ನು ಖರ್ಚೇಕೆ ಎಂದು ಕೇಳುವವರಿದ್ದಾರೆ. ಫೋನ್ ತಪ್ಪನ್ನು ತೋರಿಸಬಲ್ಲದು. ಬಿರಡೆಯನ್ನು ಎಷ್ಟು ತಿರುಗಿಸಿದರೆ ತಂತಿ ಹರಿಯದೆ ನಿಲ್ಲುತ್ತದೆಂದು ಬಲ್ಲುದು ಪಳಗಿದ ಕೈ. ಆ ಕೈಗೆ ಕೂಲಿ ಬೇಕು.

ಆ ಕೂಲಿಗೆ ನಮ್ಮ ಆಯವ್ಯಯದಲ್ಲಿ ಜಾಗವಿಲ್ಲ. ಹೊಸ ವಾದ್ಯವನ್ನು ಸಮಾರಂಭ ಮಾಡಿ ವಿತರಿಸಬಹುದು, ಭಾವಚಿತ್ರ ತೆಗೆಸಿಕೊಳ್ಳಬಹುದು. ತಂತಿ ಬದಲಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಕೆರೆ ತೋಡಿಸಿ ಹೂಳೆತ್ತದೆ ಬಿಟ್ಟ ಚಾಳಿಯೇ ಇಲ್ಲಿಯೂ ಇದೆ. ಶ್ರೀನಗರದಲ್ಲಿ ತಲೆಮಾರುಗಳಿಂದ ಸಂತೂರ್ ತಯಾರಿಸುತ್ತ ಬಂದ ಮನೆತನದ ಗುಲಾಂ ಮೊಹಮ್ಮದ್ ಜಾಜ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಸಂತೋಷದ ಸಂಗತಿ. ಆದರೆ ಪ್ರಶಸ್ತಿ ಒಮ್ಮೆ ಬರುವಂಥದ್ದು. ಕಸುಬು ಉಳಿಯಬೇಕಾದರೆ ಕೆಲಸ ವರ್ಷವೂ ಬರಬೇಕು. ಆಗ ಮಾತ್ರ ಮುಂದಿನ ಪೀಳಿಗೆ ಉಳಿ ಹಿಡಿಯಲು ಮನಸ್ಸು ಮಾಡೀತು.

ನನ್ನ ಸಲಹೆ ಸರಳವಾದುದು. ಸಾರ್ವಜನಿಕ ಹಣದಿಂದ ವಾದ್ಯ ಕೊಳ್ಳುವ ಪ್ರತಿ ಆದೇಶದಲ್ಲೂ ಅದರ ಬೆಲೆಯ ಹತ್ತರಲ್ಲೊಂದು ಭಾಗವನ್ನು ವರ್ಷವರ್ಷವೂ ನಿರ್ವಹಣೆಗೆ ಕಡ್ಡಾಯವಾಗಿ ಮೀಸಲಿಡಲಿ. ರಸ್ತೆ, ಆಸ್ಪತ್ರೆಗಳಿಗೇ ಹಣವಿಲ್ಲದಿರುವಾಗ ಇದು ದುಂದಲ್ಲವೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಹಾಗಾದರೆ ಹತ್ತು ವಾದ್ಯ ಕೊಳ್ಳುವ ಕಡೆ ಆರನ್ನೇ ಕೊಳ್ಳೋಣ. ನುಡಿಯುವ ಆರು, ಮೂಕವಾದ ಹತ್ತಕ್ಕಿಂತ ಮೇಲು. ಕೊಂಡದ್ದನ್ನು ಹಾಳುಗೆಡಹುವುದನ್ನು ಮಿತವ್ಯಯವೆಂದು ಯಾವ ಅರ್ಥಶಾಸ್ತ್ರವೂ ಹೇಳುವುದಿಲ್ಲ.

ಇಂದು ಸಂತೂರ್ ವಾದಕರು ಕಲಮುಗಳನ್ನು ಬದಿಗಿಟ್ಟು ಕೀಲಿ ಕೈಗೆತ್ತಿಕೊಂಡರೆ ನಾನು ಗಡಿಯಾರ ನೋಡುವುದಿಲ್ಲ. ಬೀರುವಿನ ಮೇಲಿದ್ದ ಆ ವಾದ್ಯ ನೆನಪಾಗುತ್ತದೆ. ಒಂದು ಸಾಲು ಟಿಪ್ಪಣಿ ಬರೆಯಲು ನನಗೆ ಅಂದು ಅರ್ಧ ನಿಮಿಷವೂ ಹಿಡಿದಿರಲಿಲ್ಲ.