ನಗರ ದಂಗೆಯ ಲೆಕ್ಕ ಯಾರು ಕೇಳಬೇಕು?

ಇಲ್ಲಿ ನಾಚಾರಂನಲ್ಲಿ ತೆಲುಗು ಗೆಳೆಯರು 1946ರ ತೆಲಂಗಾಣ ರೈತ ಹೋರಾಟದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ನಮ್ಮವರಿಗೋ, 1830-31ರ ನಗರ ದಂಗೆ ಅಂದ್ರೆ ಪಠ್ಯಪುಸ್ತಕದ ಎರಡು ಸಾಲು. ಬೂದಿ ಬಸವಪ್ಪ ದಂಗೆ ಎದ್ದ, ಮುಮ್ಮಡಿ ಕೃಷ್ಣರಾಜ ಒಡೆಯರು ಅಧಿಕಾರ ಕಳಕೊಂಡರು. ಮುಗೀತು.

ಬ್ಯಾಂಕಿನವನಾದ ನಾನು ಇದನ್ನು ಲೆಕ್ಕದ ಕಡೆಯಿಂದ ನೋಡ್ತೀನಿ. 1799ರ ಒಪ್ಪಂದದಂತೆ ಮೈಸೂರು ಪ್ರತಿವರ್ಷ ಕಂಪನಿಗೆ 7 ಲಕ್ಷ ವರಹ ಕಟ್ಟಬೇಕಿತ್ತು. ಇತ್ತ ಅಮಲ್ದಾರರು ಇಷ್ಟು ಕಂದಾಯ ವಸೂಲಿ ಮಾಡಿಯೇ ತೀರ್ತೀವಿ ಅಂತ ಸರ್ಕಾರಕ್ಕೆ ಶರ್ತು ಬರೆದುಕೊಡಬೇಕಿತ್ತು. ಟಾರ್ಗೆಟ್ ಅಂದ್ರೇನು ಅಂತ ಗೊತ್ತಿರೋರಿಗೆ ಮುಂದಿನ ಕಥೆ ಹೇಳಬೇಕಿಲ್ಲ.

ಮಲೆನಾಡಿನ ನಗರ ಸೀಮೆಯ ರೈತರು ಕೂಟ ಸೇರಿದರು, ದೂರು ಕೊಟ್ಟರು, ಕಂದಾಯ ನಿಲ್ಲಿಸಿದರು. ಕೆಳದಿ ಅರಸರ ವಾರಸುದಾರ ನಾನು ಅಂದ ಬಸವಪ್ಪನ ಹಿಂದೆ ಹೋದರು. 1639ರಲ್ಲಿ ಫ್ರಾನ್ಸಿನ ನಾರ್ಮಂಡಿ ಜನ ಉಪ್ಪಿನ ತೆರಿಗೆ ವಿರುದ್ಧ ಎದ್ದಾಗಲೂ ಸಿಟ್ಟು ವಸೂಲಿಗಾರರ ಮೇಲಿತ್ತು, ದೊರೆಯ ಮೇಲಲ್ಲ. ನಮ್ಮವರೂ ರಾಜನೇ ಬೇಡ ಅನ್ನಲಿಲ್ಲ, ಬೇರೆ ರಾಜನನ್ನು ಹುಡುಕಿಕೊಂಡರು, ಅಷ್ಟೆ.

1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತ ಕಿತ್ತುಕೊಂಡ. ಅದು ಒಡೆಯರ ಮನೆತನಕ್ಕೆ ವಾಪಸ್ ಬಂದದ್ದು 1881ರಲ್ಲಿ. ಅಷ್ಟರಲ್ಲಿ ಮುಮ್ಮಡಿಯವರು ತೀರಿಕೊಂಡು 13 ವರ್ಷವಾಗಿತ್ತು.

ಅರಸರದು ತಪ್ಪೇ ಇಲ್ಲ ಅಂತ ನಾನು ಹೇಳೋಲ್ಲ. ಆದರೆ ವರ್ಷವರ್ಷ ಹಣ ಎಣಿಸಿಕೊಂಡ ಕಂಪನಿಯೇ ಕೊನೆಗೆ ನ್ಯಾಯ ಹೇಳೋಕೂ ಕೂತಿತಲ್ಲ! ಆ ಎರಡು ಸಾಲಿನ ಪಕ್ಕದಲ್ಲಿ 7 ಲಕ್ಷ ವರಹದ ಲೆಕ್ಕವನ್ನೂ ಮಕ್ಕಳಿಗೆ ಹೇಳಿಕೊಡಬೇಕು. ಏನಂತೀರಿ?